ಲೆಕ್ಕ ಒಪ್ಪಿಸಿದ ಸಲಹೆಗಾರ

ಇಂಧನದ ಸಮಸ್ಯೆಯ ಬಗ್ಗೆ ದಿನಪತ್ರಿಕೆಗಳಲ್ಲಿ ಬರುವ ಬರಹಗಳನ್ನು ಓದುವವರು ಒಂದು ಸಂಗತಿಯನ್ನು ಗಮನಿಸಿರಬೇಕು. ಅಲ್ಲಿ ಸಂಖ್ಯೆಗಳಿಗೆ ಬರವಿಲ್ಲ. ಒಂದು ಕಡೆ ಮೆಗಾವಾಟ್, ಇನ್ನೊಂದು ಕಡೆ ಕಲ್ಲಿದ್ದಲಿನ ಟನ್, ಮತ್ತೊಂದು ಕಡೆ ಎಣ್ಣೆಯ ಬ್ಯಾರೆಲ್, ಕೊನೆಗೆ ಇಷ್ಟು ಲಕ್ಷ ಮನೆಗಳಿಗೆ ಸಾಕಾಗುವಷ್ಟು ವಿದ್ಯುತ್ತು ಎಂಬ ಒಂದು ಮಾತು. ಇವನ್ನೆಲ್ಲ ಒಂದರ ಪಕ್ಕದಲ್ಲಿ ಒಂದಿಟ್ಟು ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ಹೋಲಿಸಲು ಸಾಮಾನ್ಯ ಓದುಗನಿಗೆ ಸಾಧ್ಯವಾಗುವುದಿಲ್ಲ. ಹೋಲಿಸಲು ಬಾರದ ಸಂಖ್ಯೆ ಓದುಗನನ್ನು ಬೆರಗುಗೊಳಿಸಬಹುದೇ ಹೊರತು ಅವನ ತಿಳಿವಳಿಕೆಯನ್ನು ಹೆಚ್ಚಿಸಲಾರದು.

ಈ ಗೊಂದಲವನ್ನು ಬಿಡಿಸಲೆಂದೇ ಬರೆದ ಪುಸ್ತಕವೊಂದು 2008ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಹೆಸರು 'ಸಸ್ಟೇನಬಲ್ ಎನರ್ಜಿ – ವಿದೌಟ್ ದ ಹಾಟ್ ಏರ್'. ಬರೆದವರು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಡೇವಿಡ್ ಮೆಕಾಯ್. ಇಂಗ್ಲಿಷಿನಲ್ಲಿ 'ಹಾಟ್ ಏರ್' ಎಂದರೆ ಬಿಸಿ ಗಾಳಿಯೂ ಹೌದು, ಹುರುಳಿಲ್ಲದ ಮಾತೂ ಹೌದು. ಒಣಮಾತನ್ನು ಬಿಟ್ಟು ಇಂಧನದ ಬಗ್ಗೆ ಮಾತನಾಡೋಣ ಎಂಬುದೇ ಗ್ರಂಥಕರ್ತರ ಸಂಕಲ್ಪ. ಪುಸ್ತಕ ಅಂಗಡಿಯಲ್ಲಿ ಮಾರಾಟಕ್ಕಿದ್ದಾಗಲೇ ಅದರ ಪೂರ್ಣ ಪಾಠವನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಓದುವಂತೆ ಇಟ್ಟರು. ಒಂದು ವರ್ಷ ತುಂಬುವ ಮೊದಲೇ, 2009ರ ಅಕ್ಟೋಬರಿನಲ್ಲಿ, ಬ್ರಿಟಿಷ್ ಸರಕಾರ ಅವರನ್ನು ಇಂಧನ ಮತ್ತು ಹವಾಮಾನ ಬದಲಾವಣೆ ಇಲಾಖೆಯ ಮುಖ್ಯ ವೈಜ್ಞಾನಿಕ ಸಲಹೆಗಾರರನ್ನಾಗಿ ನೇಮಿಸಿಕೊಂಡಿತು. 2014ರವರೆಗೆ ಅವರು ಆ ಸ್ಥಾನದಲ್ಲಿದ್ದರು. 2016ರ ಏಪ್ರಿಲ್ 14ರಂದು, 49 ವರ್ಷ ತುಂಬಲು ಎಂಟು ದಿನ ಉಳಿದಿರುವಾಗ, ಕ್ಯಾನ್ಸರಿನಿಂದ ತೀರಿಕೊಂಡರು.

ಪುಸ್ತಕ ಬರೆದ ಮೇಲೆ ಅಧಿಕಾರದ ಒಳಗೆ ಹೋಗುವ ಅವಕಾಶ ವಿಜ್ಞಾನಿಗಳಿಗೆ ಸಿಗುವುದು ಅಪರೂಪ. ಪುಸ್ತಕದಲ್ಲಿ ಹೇಳಿದ ಮಾತು ಕಚೇರಿಯಲ್ಲಿ ಎಷ್ಟು ನಿಂತಿತು, ಎಲ್ಲಿ ಸೋತಿತು ಎಂದು ಪರೀಕ್ಷಿಸಿ ನೋಡಲು ಮೆಕಾಯ್ ಅವರ ಬದುಕು ಒಂದು ಒಳ್ಳೆಯ ಉದಾಹರಣೆ. ಪ್ರಸ್ತುತ ಲೇಖನದ ಉದ್ದೇಶ ಅದೇ.

ಮೊದಲು ಅವರ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಮೆಕಾಯ್ ಇಂಧನ ಶಾಸ್ತ್ರದಲ್ಲಿ ಬೆಳೆದವರಲ್ಲ. ಕೇಂಬ್ರಿಜ್‌ನಲ್ಲಿ ಪದವಿ ಪಡೆದು, ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಜಾನ್ ಹಾಪ್‌ಫೀಲ್ಡ್ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿದವರು. ಈ ಹಾಪ್‌ಫೀಲ್ಡ್ ಅವರಿಗೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂತು. ಯಂತ್ರಗಳು ಕಲಿಯುವುದು ಹೇಗೆ, ಸುದ್ದಿಯನ್ನು ಕೆಡದಂತೆ ಸಾಗಿಸುವುದು ಹೇಗೆ ಎಂಬುದು ಮೆಕಾಯ್ ಅವರ ಸಂಶೋಧನೆಯ ವಿಷಯ. ಮಾಹಿತಿ ಸಿದ್ಧಾಂತದ ಮೇಲೆ ಅವರು 2003ರಲ್ಲಿ ಬರೆದ ಪಠ್ಯಪುಸ್ತಕ ಇಂದಿಗೂ ವಿದ್ಯಾರ್ಥಿಗಳ ಕೈಯಲ್ಲಿದೆ. ಕೈಕಾಲು ಆಡದವರು ಕಣ್ಣಿನ ಚಲನೆಯಿಂದಲೋ ಬೆರಳಿನ ಅಲ್ಪ ಚಲನೆಯಿಂದಲೋ ಅಕ್ಷರ ಆರಿಸಿ ಬರೆಯಲು ನೆರವಾಗುವ 'ಡ್ಯಾಶರ್' ಎಂಬ ಗಣಕಯಂತ್ರದ ಸಾಧನವನ್ನು ಸಿದ್ಧಪಡಿಸಿದ ತಂಡದ ಮುಖ್ಯಸ್ಥರೂ ಅವರೇ. ಇಂಧನದ ಚರ್ಚೆಯಲ್ಲಿ ಸುದ್ದಿಗಿಂತ ಸದ್ದು ಹೆಚ್ಚಾಗಿದೆ ಎಂದು ಅವರಿಗೆ ಅನ್ನಿಸಿದ್ದು ಈ ಅಭ್ಯಾಸದ ಫಲವೇ ಇರಬೇಕು.

ಇನ್ನು ಪುಸ್ತಕದ ವಿಚಾರ. ಅದರ ಮುಖ್ಯ ಉಪಾಯ ಬಹಳ ಸರಳ. ಎಲ್ಲವನ್ನೂ ಒಂದೇ ಮಾನದಲ್ಲಿ ಅಳೆಯಬೇಕು. ಆ ಮಾನ ನಮ್ಮ ಮನೆಯ ಕರೆಂಟು ಬಿಲ್ಲಿನಲ್ಲಿ ಇರುವ ಯೂನಿಟ್ಟು, ಅಂದರೆ ಒಂದು ಕಿಲೋವಾಟ್ ಗಂಟೆ. ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ಯೂನಿಟ್ಟು ಎಂಬುದೇ ಪುಸ್ತಕದ ಉದ್ದಕ್ಕೂ ಬರುವ ಒಂದೇ ಪ್ರಶ್ನೆ. ಕಾರಿನ ಪೆಟ್ರೋಲು, ಸ್ನಾನದ ಬಿಸಿನೀರು, ವಿಮಾನಯಾನ, ತಿನ್ನುವ ಅನ್ನ, ಗಾಳಿಯಂತ್ರ, ಅಣುಸ್ಥಾವರ ಎಲ್ಲವೂ ಈ ಒಂದೇ ತಕ್ಕಡಿಗೆ ಬರುತ್ತವೆ.

ಲೆಕ್ಕದ ರೀತಿಯನ್ನು ತಿಳಿಯಲು ಒಂದು ಉದಾಹರಣೆ ಸಾಕು. ಅನುಕೂಲಸ್ಥ ಇಂಗ್ಲಿಷಿನವನೊಬ್ಬ ದಿನಕ್ಕೆ 50 ಕಿಲೋಮೀಟರ್ ಕಾರು ಓಡಿಸುತ್ತಾನೆ. ಕಾರು ಲೀಟರಿಗೆ 12 ಕಿಲೋಮೀಟರ್ ಹೋಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಆದ್ದರಿಂದ ಅವನ ಕಾರಿಗೆ ದಿನಕ್ಕೆ ಸುಮಾರು 40 ಯೂನಿಟ್. ಅವನೇ ರಾತ್ರಿ ಮಲಗುವ ಮುಂಚೆ ಮೊಬೈಲ್ ಫೋನಿನ ಚಾರ್ಜರನ್ನು ಪ್ಲಗ್ಗಿನಿಂದ ತೆಗೆದು, ಭೂಮಿಯನ್ನು ಉಳಿಸಿದ ಸಮಾಧಾನದಿಂದ ನಿದ್ದೆ ಮಾಡುತ್ತಾನೆ. ಸುಮ್ಮನೆ ಪ್ಲಗ್ಗಿನಲ್ಲಿರುವ ಚಾರ್ಜರಿಗೆ ದಿನವೊಂದಕ್ಕೆ ಹೋಗುವುದು ಒಂದು ಯೂನಿಟ್ಟಿನ ನೂರನೆಯ ಒಂದು ಪಾಲು. ಕಾರು ಆ ಶಕ್ತಿಯನ್ನು ಒಂದು ಸೆಕೆಂಡಿನಲ್ಲಿ ನುಂಗುತ್ತದೆ. ವರ್ಷಕ್ಕೆ ಒಂದೇ ಒಂದು ಸಲ ದೂರದ ಖಂಡಕ್ಕೆ ವಿಮಾನದಲ್ಲಿ ಹೋಗಿ ಬಂದರೆ, ಅದನ್ನು ವರ್ಷದ ದಿನಗಳಿಗೆ ಹಂಚಿದಾಗ ದಿನಕ್ಕೆ 30 ಯೂನಿಟ್ ಆಗುತ್ತದೆ. ಚಿಕ್ಕದರಲ್ಲಿ ಜಿಪುಣತನ, ದೊಡ್ಡದರಲ್ಲಿ ಧಾರಾಳ ಎಂಬ ನಮ್ಮೆಲ್ಲರ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಈ ಲೆಕ್ಕಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಹೈಸ್ಕೂಲಿನ ಭೌತಶಾಸ್ತ್ರ ಸಾಕು. ದಿಲ್ಲಿಯ ಜನವರಿ ಚಳಿಯಲ್ಲಿ 20 ಲೀಟರಿನ ಒಂದು ಬಕೆಟ್ ನೀರನ್ನು 15 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಗೀಸರಿಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಬೇಕು. ಇಂಗ್ಲಿಷಿನವರು ತೊಟ್ಟಿ ತುಂಬಿಸಿ ಮಾಡುವ ಸ್ನಾನಕ್ಕೆ ಮೆಕಾಯ್ ಹಿಡಿದಿರುವ ಲೆಕ್ಕ ಸುಮಾರು 5 ಯೂನಿಟ್. ನಾಲ್ಕು ಜನರ ನಮ್ಮ ಮನೆಗಳಲ್ಲಿ ಎಲ್ಲರೂ ಬಕೆಟ್ಟಿನಲ್ಲಿ ಮೀಯುವುದರಿಂದ ಎಷ್ಟು ಉಳಿಯಿತೆಂದು ಮಕ್ಕಳೇ ಲೆಕ್ಕ ಹಾಕಬಹುದು. ಮೆಕಾಯ್ ತಮ್ಮ ಮನೆಯ ಮೀಟರುಗಳನ್ನು ತಪ್ಪದೆ ಓದಿ ಗುರುತು ಹಾಕಿಕೊಳ್ಳುತ್ತಿದ್ದರು. ಗೋಡೆಗಳಿಗೆ ಶಾಖ ಸೋರದಂತೆ ಹೊದಿಕೆ ಹಾಕಿಸಿ, ಕೋಣೆಯ ಉಷ್ಣತೆಯನ್ನು ಇಳಿಸಿ, ಗ್ಯಾಸಿನ ಖರ್ಚನ್ನು ಅರ್ಧಕ್ಕಿಂತ ಕೆಳಗೆ ತಂದರು. ಆ ನಕ್ಷೆಯೂ ಪುಸ್ತಕದಲ್ಲಿದೆ.

ಪುಸ್ತಕದ ಪೂರ್ವಾರ್ಧದಲ್ಲಿ ಎರಡು ಕಂಬಗಳು ಅಕ್ಕಪಕ್ಕದಲ್ಲಿ ಬೆಳೆಯುತ್ತವೆ. ಕೆಂಪು ಕಂಬ ಖರ್ಚಿನದು; ಹಸಿರು ಕಂಬ ಗಾಳಿ, ಬಿಸಿಲು, ಅಲೆ, ಉಬ್ಬರವಿಳಿತಗಳಂಥ ಬತ್ತದ ಮೂಲಗಳದು. ಬ್ರಿಟನ್ನಿನ ನೆಲವನ್ನು ಅಲ್ಲಿನ ಜನರಿಗೆಲ್ಲ ಸಮನಾಗಿ ಹಂಚಿದರೆ ತಲೆಗೆ 4,000 ಚದರ ಮೀಟರ್, ಅಂದರೆ ಹೆಚ್ಚುಕಡಮೆ ಒಂದು ಎಕರೆ. ಗಾಳಿಯಂತ್ರಗಳ ತೋಟ ಮಾಡಿದರೆ ಒಂದು ಚದರ ಮೀಟರಿಗೆ ಸರಾಸರಿ 2 ವಾಟ್ ಸಿಗುತ್ತದೆ. ದೇಶದ ಹತ್ತನೆಯ ಒಂದು ಪಾಲು ನೆಲವನ್ನು ಗಾಳಿಯಂತ್ರಗಳಿಗೆ ಬಿಟ್ಟುಕೊಟ್ಟರೂ ಒಬ್ಬನಿಗೆ ದಿನಕ್ಕೆ 20 ಯೂನಿಟ್. ಕಾರಿಗೆ ಬೇಕಾದದ್ದರಲ್ಲಿ ಅರ್ಧ! ಹೀಗೆ ಎಲ್ಲ ಮೂಲಗಳನ್ನೂ ಕೂಡಿಸಿದಾಗ ಖರ್ಚಿನ ಕಂಬ 195ಕ್ಕೆ, ಉತ್ಪತ್ತಿಯ ಕಂಬ ಸುಮಾರು 180ಕ್ಕೆ ನಿಲ್ಲುತ್ತವೆ. ಪರವಾಗಿಲ್ಲ, ಹತ್ತಿರ ಬಂತು ಎಂದು ಓದುಗ ಅಂದುಕೊಳ್ಳುವಷ್ಟರಲ್ಲಿ ಗ್ರಂಥಕರ್ತರು ಆಕ್ಷೇಪಣೆಗಳ ಪಟ್ಟಿಯನ್ನು ತೆಗೆಯುತ್ತಾರೆ. ಗುಡ್ಡದ ಅಂದ ಕೆಡುತ್ತದೆ, ಹಕ್ಕಿಗಳಿಗೆ ತೊಂದರೆ, ಮೀನುಗಾರಿಕೆಗೆ ಅಡ್ಡಿ, ನಮ್ಮ ಮನೆಯ ಹತ್ತಿರ ಬೇಡ. ಇವನ್ನೆಲ್ಲ ಒಪ್ಪಿಕೊಂಡು ಕಳೆಯುತ್ತ ಬಂದರೆ 180ರಲ್ಲಿ ಉಳಿಯುವುದು 18.

ಇದು ಪುಸ್ತಕದ ಅತ್ಯಂತ ಸಮರ್ಥವಾದ ಭಾಗ. ಎಲ್ಲದಕ್ಕೂ ಬೇಡ ಎನ್ನುವ ಸ್ವಾತಂತ್ರ್ಯ ಯಾವ ಸಮಾಜಕ್ಕೂ ಇಲ್ಲ ಎಂಬುದನ್ನು ಅದು ಉಪದೇಶದಿಂದಲ್ಲ, ಕಳೆಯುವ ಲೆಕ್ಕದಿಂದ ತೋರಿಸುತ್ತದೆ. ಅನಂತರ ಮೆಕಾಯ್ ಐದು ಯೋಜನೆಗಳನ್ನು ಮುಂದಿಡುತ್ತಾರೆ. ಅಣುಶಕ್ತಿ ಬೇಡವೆನ್ನುವವರಿಗೆ ಒಂದು, ಕಲ್ಲಿದ್ದಲೂ ಬೇಡವೆನ್ನುವವರಿಗೆ ಒಂದು, ಮರುಭೂಮಿಯ ಬಿಸಿಲಿನಿಂದ ವಿದ್ಯುತ್ತನ್ನು ತರಿಸೋಣವೆನ್ನುವವರಿಗೆ ಒಂದು, ಹೀಗೆ. ಯಾವುದು ಒಳ್ಳೆಯದೆಂದು ಅವರು ಹೇಳುವುದಿಲ್ಲ. ಯಾವುದನ್ನು ಆರಿಸಿದರೂ ಲೆಕ್ಕ ಕೂಡಿಬರಬೇಕು, ಅಷ್ಟೇ ಅವರ ಷರತ್ತು.

ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ವರ್ಷಗಳನ್ನು ಕಳೆದ ನನ್ನಂಥವನಿಗೆ ಈ ಶಿಸ್ತಿನ ಬೆಲೆ ಬೇಗ ತಿಳಿಯುತ್ತದೆ. ಟಿಪ್ಪಣಿಗಳಲ್ಲಿ 'ಗಣನೀಯ', 'ಸಾಕಷ್ಟು', 'ಬಹುಮಟ್ಟಿಗೆ' ಎಂಬ ಶಬ್ದಗಳು ಎಲ್ಲಿ ಹೆಚ್ಚಾಗಿವೆಯೋ ಅಲ್ಲಿ ಯಾರೂ ಲೆಕ್ಕ ಹಾಕಿಲ್ಲ ಎಂದೇ ತಿಳಿಯಬೇಕು. ಗುಣವಾಚಕಗಳನ್ನು ತೆಗೆದು ಅಂಕಿಯನ್ನು ಇಡುವುದು ಸಣ್ಣ ಸುಧಾರಣೆಯಂತೆ ಕಂಡರೂ, ತೀರ್ಮಾನ ಮಾಡುವವನ ಜವಾಬ್ದಾರಿಯನ್ನು ಅದು ಸ್ಪಷ್ಟಪಡಿಸುತ್ತದೆ.

ಇಷ್ಟು ಹೇಳಿದ ಮೇಲೆ ಪುಸ್ತಕದ ಮಿತಿಗಳನ್ನೂ ಹೇಳಬೇಕು. ಮೊದಲನೆಯದು, ಬೆಲೆಯ ವಿಚಾರ. ಮೆಕಾಯ್ ಹಣದ ಪ್ರಶ್ನೆಯನ್ನು ಬೇಕೆಂದೇ ಬಹುಮಟ್ಟಿಗೆ ದೂರವಿಟ್ಟರು. ಬೆಲೆ ಇಂದು ಒಂದು, ನಾಳೆ ಇನ್ನೊಂದು. ಭೌತಶಾಸ್ತ್ರದ ನಿಯಮ ಬದಲಾಗುವುದಿಲ್ಲ. ಆದ್ದರಿಂದ ಮೊದಲು ಅದನ್ನು ನೋಡೋಣ ಎಂಬುದು ಅವರ ವಾದ. ವಾದ ಸರಿಯೇ. ಆದರೆ ಪುಸ್ತಕ ಬಂದ ಮೇಲಿನ ಹತ್ತು ವರ್ಷಗಳಲ್ಲಿ ಲೋಕವನ್ನು ಬದಲಿಸಿದ್ದು ಭೌತಶಾಸ್ತ್ರವಲ್ಲ, ಬೆಲೆಯೇ. ಬಿಸಿಲಿನ ಫಲಕಗಳ ಬೆಲೆ ಹತ್ತರಲ್ಲಿ ಒಂದು ಪಾಲಿನ ಹತ್ತಿರಕ್ಕೆ ಇಳಿಯಿತು. ಬ್ರಿಟನ್ನಿನಲ್ಲಿ ಹಿಂಕ್ಲಿ ಪಾಯಿಂಟ್ ಎಂಬಲ್ಲಿನ ಹೊಸ ಅಣುಸ್ಥಾವರದ ಸಾವಿರ ಯೂನಿಟ್ಟಿಗೆ 2012ರ ಬೆಲೆಯ ಲೆಕ್ಕದಲ್ಲಿ 92.50 ಪೌಂಡ್ ಕೊಡಲು ಸರಕಾರ ಒಪ್ಪಿಕೊಂಡಿದ್ದರೆ, 2017ರ ಹರಾಜಿನಲ್ಲಿ ಕಡಲಿನ ಗಾಳಿಯಂತ್ರಗಳು ಅದೇ ಲೆಕ್ಕದಲ್ಲಿ 57.50 ಪೌಂಡಿಗೆ ಬಂದವು. ನೆಲದ ಅಳತೆ ಒಂದು ಯೋಜನೆ ಸಾಧ್ಯವೇ ಎಂದು ಹೇಳುತ್ತದೆ; ಜನ ಅದನ್ನು ಕೈಗೊಳ್ಳುವರೇ ಎಂದು ಹೇಳುವುದು ಬೆಲೆ. ಹಾಗೆಂದು ಬೆಲೆಯನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. 2023ರ ಹರಾಜಿನಲ್ಲಿ ಸರಕಾರ ಇಟ್ಟ ದರ ಗಿಟ್ಟದೆ ಕಡಲಿನ ಗಾಳಿಗೆ ಒಬ್ಬನೂ ಕೂಗಲಿಲ್ಲ.

ಎರಡನೆಯದು, ಪೆಟ್ರೋಲಿನ ಒಂದು ಯೂನಿಟ್ಟನ್ನೂ ವಿದ್ಯುತ್ತಿನ ಒಂದು ಯೂನಿಟ್ಟನ್ನೂ ಒಂದೇ ಎಂದು ಎಣಿಸಿದ್ದು. ಪೆಟ್ರೋಲ್ ಕಾರಿನಲ್ಲಿ ಹೆಚ್ಚಿನ ಪಾಲು ಶಾಖವಾಗಿ ವ್ಯರ್ಥವಾಗುತ್ತದೆ. ವಿದ್ಯುತ್ ಕಾರು ಅದೇ ದೂರವನ್ನು ಸುಮಾರು ಐದನೆಯ ಒಂದು ಪಾಲು ಶಕ್ತಿಯಲ್ಲಿ ಕ್ರಮಿಸುತ್ತದೆ. ಇದನ್ನು ಗ್ರಂಥಕರ್ತರೇ ಉತ್ತರಾರ್ಧದಲ್ಲಿ ವಿವರಿಸಿದ್ದಾರೆ. ಆದರೆ ಪೂರ್ವಾರ್ಧದ ಕೆಂಪು ಕಂಬವನ್ನು ಮಾತ್ರ ನೋಡಿ ಪುಸ್ತಕ ಮುಚ್ಚಿದವನಿಗೆ ಸಮಸ್ಯೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. 'ಒಬ್ಬನಿಗೆ ದಿನಕ್ಕೆ' ಎನ್ನುವಾಗ ಆ ಒಬ್ಬ ಯಾರು? ಮೆಕಾಯ್ ಅವರ ಕೆಂಪು ಕಂಬದ ಮನುಷ್ಯ ಕಾರು ಇಟ್ಟುಕೊಂಡು ವಿಮಾನದಲ್ಲಿ ತಿರುಗುವ ಅನುಕೂಲಸ್ಥ. ಪುಸ್ತಕ ಬಂದ ಕಾಲಕ್ಕೆ ಬ್ರಿಟನ್ನಿನ ಸರಾಸರಿಯೇ ಎಲ್ಲ ಇಂಧನವೂ ಸೇರಿ 125 ಯೂನಿಟ್ಟಿನಷ್ಟಿತ್ತು. ಸರಾಸರಿ ಎಂಬುದು ಲೆಕ್ಕಕ್ಕೆ ಅನುಕೂಲ. ಆದರೆ ಯಾರು ಕಡಮೆ ಮಾಡಬೇಕು, ಯಾರಿಗೆ ಹೆಚ್ಚು ಸಿಗಬೇಕು ಎಂಬ ಪ್ರಶ್ನೆ ಅದರಲ್ಲಿ ಅಡಗಿಹೋಗುತ್ತದೆ. ನೀತಿಯ ಪ್ರಶ್ನೆಗಳನ್ನು ಓದುಗರಿಗೇ ಬಿಟ್ಟಿದ್ದೇನೆ ಎಂಬುದು ಗ್ರಂಥಕರ್ತರ ನಿಲುವು. ಪುಸ್ತಕಕ್ಕೆ ಈ ನಿಲುವು ಸಲ್ಲುತ್ತದೆ. ಸರಕಾರದ ಸಲಹೆಗಾರನಿಗೆ ಅದು ಎಷ್ಟು ದೂರ ಸಲ್ಲುತ್ತದೆ?

ಅವರು ಸಲಹೆಗಾರರಾಗಿದ್ದ ಐದು ವರ್ಷಗಳಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಆ ಅವಧಿಯಲ್ಲಿ ಇಲಾಖೆಗೆ ಮೂವರು ಮಂತ್ರಿಗಳು ಬಂದರು: ಎಡ್ ಮಿಲಿಬ್ಯಾಂಡ್, ಕ್ರಿಸ್ ಹ್ಯೂನ್, ಎಡ್ ಡೇವಿ. ನಡುವೆ 2010ರ ಚುನಾವಣೆಯಲ್ಲಿ ಸರಕಾರವೇ ಬದಲಾಯಿತು. ಸಲಹೆಗಾರ ಮಾತ್ರ ಬದಲಾಗಲಿಲ್ಲ. ಒಂದು ಪಕ್ಷಕ್ಕೆ ಅಂಟಿಕೊಳ್ಳದೆ ಲೆಕ್ಕಕ್ಕೆ ಅಂಟಿಕೊಂಡಿದ್ದರ ಲಾಭ ಇದು. ಅವರ ಮುಖ್ಯ ಕೆಲಸ 2010ರಲ್ಲಿ ಹೊರಬಂದ '2050 ಕ್ಯಾಲ್ಕ್ಯುಲೇಟರ್'. 1990ಕ್ಕೆ ಹೋಲಿಸಿದರೆ 2050ರೊಳಗೆ ಹೊಗೆಯ ಹೊರೆಯನ್ನು ನೂರಕ್ಕೆ 80ರಷ್ಟು ಇಳಿಸಬೇಕೆಂದು ಬ್ರಿಟನ್ 2008ರಲ್ಲಿ ಕಾನೂನು ಮಾಡಿಕೊಂಡಿತ್ತು. 2019ರಲ್ಲಿ ಆ ಗುರಿಯನ್ನು ನಿವ್ವಳ ಶೂನ್ಯಕ್ಕೆ ಬಿಗಿ ಮಾಡಿದರು. ಈ ಗುರಿಗೆ ಹೋಗುವ ದಾರಿಯನ್ನು ಯಾರು ಬೇಕಾದರೂ ಗಣಕಯಂತ್ರದ ಮೇಲೆ ತಾವೇ ಹಾಕಿ ನೋಡುವಂತೆ ಆ ಸಾಧನವಿದೆ. ಮನೆ ಬೆಚ್ಚಗಿಡುವುದು, ಕಾರು, ಗಾಳಿಯಂತ್ರ, ಅಣುಸ್ಥಾವರ ಎಂದು ನಲವತ್ತರಷ್ಟು ಗುಂಡಿಗಳು. ಪ್ರತಿಯೊಂದಕ್ಕೂ ಪ್ರಯತ್ನದ ನಾಲ್ಕು ಹಂತ. ಒಂದನ್ನು ಕೆಳಗಿಳಿಸಿದರೆ ಇನ್ನೊಂದನ್ನು ಮೇಲೇರಿಸದೆ ಗುರಿ ಮುಟ್ಟುವಂತಿಲ್ಲ. ಒಳಗಿನ ಲೆಕ್ಕದ ಹಾಳೆಗಳೂ ಸಾರ್ವಜನಿಕರಿಗೆ ತೆರೆದಿದ್ದವು. ಶಾಲೆಯ ಮಕ್ಕಳು ಆಡಲು ಒಂದು ಸರಳ ರೂಪವೂ ಬಂತು. ಮುಂದೆ ಬೆಲೆಯ ಲೆಕ್ಕವನ್ನೂ ಅದರಲ್ಲಿ ಸೇರಿಸಿದರು. ಪುಸ್ತಕದ ಮೊದಲ ಕೊರತೆ ಹೀಗೆ ಸ್ವಲ್ಪಮಟ್ಟಿಗೆ ತುಂಬಿತೆನ್ನಬೇಕು.

ಸರಕಾರಿ ಲೆಕ್ಕವೆಂದರೆ ಬೀಗ ಹಾಕಿ ಇಡುವ ವಸ್ತು ಎಂಬ ಅಭ್ಯಾಸವನ್ನು ಈ ಕೆಲಸ ಮುರಿಯಿತು. ಮೆಕಾಯ್ ಅವರ ದೊಡ್ಡ ಸಾಧನೆ ಇದೇ ಎಂದು ನನ್ನ ಅಭಿಪ್ರಾಯ. ಇದರ ಪ್ರಭಾವ ನಮ್ಮ ದೇಶಕ್ಕೂ ಬಂತು. ಇದೇ ಮಾದರಿಯ ಮೇಲೆ ನಮ್ಮ ಯೋಜನಾ ಆಯೋಗವು 2014ರಲ್ಲಿ 'ಇಂಡಿಯಾ ಎನರ್ಜಿ ಸೆಕ್ಯುರಿಟಿ ಸಿನಾರಿಯೋಸ್ 2047' ಎಂಬ ಸಾಧನವನ್ನು ಹೊರತಂದಿತು. ಆಯೋಗ ಹೋಗಿ ನೀತಿ ಆಯೋಗ ಬಂದ ಮೇಲೂ ಅದರ ಹೊಸ ಆವೃತ್ತಿಗಳು ಬಂದಿವೆ.

ಆದರೆ ಲೆಕ್ಕ ಕೊಟ್ಟ ಮಾತ್ರಕ್ಕೆ ಸರಕಾರ ಅದರಂತೆ ನಡೆಯುವುದಿಲ್ಲ ಎಂಬುದಕ್ಕೂ ಅವರ ಅವಧಿಯೇ ಸಾಕ್ಷಿ. ಕಲ್ಲಿದ್ದಲಿನ ಬದಲು ಮರದ ಉಂಡೆಗಳನ್ನು ಸುಡುವ ಸ್ಥಾವರಗಳಿಗೆ ಬ್ರಿಟನ್ ಸಹಾಯಧನ ಕೊಡುತ್ತಿತ್ತು. ಮರ ಮತ್ತೆ ಬೆಳೆಯುತ್ತದೆ, ಆದ್ದರಿಂದ ಹೊಗೆಯ ಲೆಕ್ಕ ಸೊನ್ನೆ ಎಂಬುದು ವಾದ. 2014ರ ಜುಲೈನಲ್ಲಿ ಮೆಕಾಯ್ ಅವರು ಆನಾ ಸ್ಟೀಫನ್‌ಸನ್ ಎಂಬ ವಿಜ್ಞಾನಿಯೊಡನೆ ಸೇರಿ ಉತ್ತರ ಅಮೆರಿಕದಿಂದ ತರಿಸುವ ಮರದ ಬಗ್ಗೆ ವರದಿ ಬರೆದರು. ಮರ ಎಲ್ಲಿಂದ ಬಂತು, ಹೇಗೆ ಬಂತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೇಗೂ ಬಿಸಾಡುವ ಚಕ್ಕೆ ಚೂರುಗಳಾದರೆ ಒಳ್ಳೆಯದು, ಕಾಡಿನ ಮರಗಳನ್ನೇ ಹೆಚ್ಚಾಗಿ ಕಡಿದರೆ ಕಲ್ಲಿದ್ದಲಿಗಿಂತಲೂ ಕೆಟ್ಟದಾಗಬಹುದು ಎಂದು ವರದಿ ತೋರಿಸಿತು. ಇಲಾಖೆಯೇ ಅದನ್ನು ಪ್ರಕಟಿಸಿತು. ಅದು ಪ್ರಜಾಪ್ರಭುತ್ವದ ಒಳ್ಳೆಯ ಗುಣ. ಆದರೆ ಯಾರ್ಕ್‌ಷೈರಿನ ಡ್ರ್ಯಾಕ್ಸ್ ಸ್ಥಾವರ ಅಟ್ಲಾಂಟಿಕ್ ದಾಟಿ ಬಂದ ಮರವನ್ನು ಸುಡುವುದು ನಿಲ್ಲಲಿಲ್ಲ, ಅದಕ್ಕೆ ಸಹಾಯಧನವೂ ನಿಲ್ಲಲಿಲ್ಲ. ಸಲಹೆ ಕಡತ ಸೇರಿತು.

ಇಲ್ಲಿ ಸಲಹೆಗಾರನ ಕೆಲಸದ ನಿಜವಾದ ಇಕ್ಕಟ್ಟು ಕಾಣುತ್ತದೆ. ಒಳಗಿದ್ದು ಲೆಕ್ಕವನ್ನು ಮಾತ್ರ ಕೊಡುತ್ತೇನೆ ಎಂದರೆ, ಬೇಕಾದ ಅಂಕಿಯನ್ನು ಎತ್ತಿಕೊಂಡು ಬೇಡವಾದದ್ದನ್ನು ಬಿಡುವ ಅನುಕೂಲ ಮಂತ್ರಿಗಳಿಗೆ ಉಳಿಯುತ್ತದೆ. ಇದೇ ಆಗಬೇಕು ಎಂದು ಗಟ್ಟಿಯಾಗಿ ಹೇಳಿದರೆ, ಇವರೂ ಒಂದು ಪಕ್ಷದವರೇ ಎಂಬ ಹೆಸರು ಬಂದು ಲೆಕ್ಕಕ್ಕೂ ಬೆಲೆ ಇಲ್ಲದಂತಾಗುತ್ತದೆ. ಅಧಿಕಾರದಲ್ಲಿದ್ದಾಗ ಮೆಕಾಯ್ ಮೊದಲ ದಾರಿಯನ್ನು ಹಿಡಿದರು. ತೀರಿಕೊಳ್ಳುವ ಕೆಲವೇ ದಿನ ಮುಂಚೆ ಕೊಟ್ಟ ಕೊನೆಯ ಸಂದರ್ಶನದಲ್ಲಿ ಮಾತ್ರ ಎರಡನೆಯ ದಾರಿಗೆ ಬಂದರು. ಗಾಳಿ ಬಿಸಿಲುಗಳಿಂದಲೇ ಬ್ರಿಟನ್ ಪೂರ್ತಿಯಾಗಿ ನಡೆದೀತು ಎನ್ನುವುದು ಭ್ರಮೆ, ಚಳಿಗಾಲದಲ್ಲಿ ಗಾಳಿ ಬೀಸದ ದಿನಗಳಿಗೆ ಅಣುಶಕ್ತಿಯೂ ಹೊಗೆಯನ್ನು ಹಿಡಿದು ಹೂಳುವ ಸ್ಥಾವರಗಳೂ ಬೇಕೇ ಬೇಕು ಎಂದು ಕಟುವಾಗಿಯೇ ಹೇಳಿದರು.

ಆ ಮಾತು ಎಷ್ಟು ನಿಜವಾಯಿತು? ಉತ್ತರ ಇಬ್ಬಗೆಯಾಗಿದೆ. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಆ ವರ್ಷ ಅಲ್ಲಿನ ವಿದ್ಯುತ್ತಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಗಾಳಿಯಿಂದ ಬಂತು. ಇದನ್ನು 2008ರಲ್ಲಿ ಊಹಿಸಿದವರು ಕಡಮೆ. ಆದರೆ ಗಾಳಿ ನಿಂತ ದಿನ ಅಲ್ಲಿ ಹೊತ್ತಿಕೊಳ್ಳುವುದು ಇಂದಿಗೂ ಗ್ಯಾಸೇ. ಬೆಲೆಯ ವಿಚಾರದಲ್ಲಿ ಅವರ ಅಂದಾಜು ಹಿಂದೆ ಬಿತ್ತು. ಗಾಳಿಯಿಲ್ಲದ ಚಳಿಗಾಲದ ರಾತ್ರಿಯ ಪ್ರಶ್ನೆ ಹಾಗೆಯೇ ನಿಂತಿದೆ.

ಈ ಪುಸ್ತಕದ ತಕ್ಕಡಿಯನ್ನು ನಮ್ಮ ನೆಲಕ್ಕೆ ತಂದರೆ ಅದರ ಗುಣವೂ ಕೊರತೆಯೂ ಇನ್ನಷ್ಟು ಸ್ಪಷ್ಟವಾಗುತ್ತವೆ. ಭಾರತದ ನೆಲವನ್ನು ಸಮನಾಗಿ ಹಂಚಿದರೆ ತಲೆಗೆ ಒಂದು ಎಕರೆ ಬರುವುದಿಲ್ಲ. ಸುಮಾರು 23 ಗುಂಟೆ. ಆದರೆ ನಮ್ಮ ಬಿಸಿಲು ಇಂಗ್ಲೆಂಡಿನದಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರ ನಿಂತಿದೆ. ಹಗಲು ರಾತ್ರಿ ಸೇರಿ ಸರಾಸರಿ ಐದನೆಯ ಒಂದು ಪಾಲು ದೊರೆಯುತ್ತದೆಂದು ಹಿಡಿದರೆ ಒಂದು ಚದರ ಮೀಟರಿಗೆ 8 ವಾಟಿನ ಹತ್ತಿರ ಬರುತ್ತದೆ. ಇಂಗ್ಲೆಂಡಿನ ಸೌರ ಬಯಲಿಗೆ ಮೆಕಾಯ್ ಹಿಡಿದದ್ದು 5 ವಾಟ್. ಮಳೆ ಕೈಕೊಟ್ಟ ಸೀಮೆಯಲ್ಲಿ ಬಿಸಿಲೇ ಬೆಳೆಯಾಯಿತು ಎಂದು ಸಂತೋಷಪಡಬಹುದು.

ಆ ಜಮೀನನ್ನು ಸರಕಾರ ಕೊಂಡುಕೊಳ್ಳಲಿಲ್ಲ. ರೈತರಿಂದ ಗುತ್ತಿಗೆಗೆ ತೆಗೆದುಕೊಂಡು ವರ್ಷ ವರ್ಷ ಬಾಡಿಗೆ ಕೊಡುವ ಏರ್ಪಾಡು ಮಾಡಿತು. ಒಳ್ಳೆಯ ಏರ್ಪಾಡೇ. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ, ಕೂಲಿಯಿಂದ ಬದುಕುತ್ತಿದ್ದ ಭೂಮಿಯಿಲ್ಲದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಹಣಿ ಎಲ್ಲಿಯದು? ಚದರ ಮೀಟರಿಗೆ 8 ವಾಟ್ ಎಂಬ ಅಂಕಿ ಸರಿಯಾಗಿಯೇ ಇದೆ. ಆ ಅಂಕಿಯೊಳಗೆ ಈ ಜನ ಇಲ್ಲ. ಇದು ಲೆಕ್ಕದ ತಪ್ಪಲ್ಲ. ಲೆಕ್ಕಕ್ಕೆ ಕೇಳದೆ ಬಿಟ್ಟ ಪ್ರಶ್ನೆ.

ಇಂಥ ಪ್ರಶ್ನೆಯನ್ನು ಬಹಳ ಮೊದಲೇ ಕೇಳಿದವರು ನಮ್ಮವರೇ ಆದ ಅಮೂಲ್ಯ ರೆಡ್ಡಿ. ಬೆಂಗಳೂರಿನಲ್ಲಿ ಹುಟ್ಟಿದ ಇವರು ರಸಾಯನ ವಿಜ್ಞಾನಿ. ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವನ್ನು ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಚಿಕ್ಕ ಹಳ್ಳಿಯ ಇಂಧನದ ಲೆಕ್ಕವನ್ನು ಅವರ ತಂಡ ಮನೆಮನೆಯಿಂದ ತೆಗೆಯಿತು. ಸೌದೆ, ಸೀಮೆಎಣ್ಣೆಗಳ ಜತೆಗೆ ಗಂಡಸರು, ಹೆಂಗಸರು, ಮಕ್ಕಳು ಪಟ್ಟ ದುಡಿಮೆಯನ್ನೂ ಆ ಲೆಕ್ಕದಲ್ಲಿ ಸೇರಿಸಿತು. ಶಕ್ತಿ ಎಷ್ಟು ಬೇಕು ಎನ್ನುವ ಮೊದಲು ಯಾರಿಗೆ, ಯಾವ ಕೆಲಸಕ್ಕೆ ಬೇಕು ಎಂದು ಕೇಳಬೇಕೆಂಬುದು ಅವರ ಪಾಠ. ಅದೇ ರೀತಿಯಲ್ಲಿ 1991ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಕರ್ನಾಟಕಕ್ಕೆ ಒಂದು ವಿದ್ಯುತ್ ಯೋಜನೆಯನ್ನು ಲೆಕ್ಕ ಹಾಕಿ ತೋರಿಸಿದರು. ಎಲ್ಲ ಮನೆಗಳಿಗೂ ವಿದ್ಯುತ್ತು ಕೊಟ್ಟು, ಮಿತವ್ಯಯದ ಉಪಕರಣಗಳನ್ನು ಬಳಸಿದರೆ, 2000ದ ಹೊತ್ತಿಗೆ ಬೇಕಾಗುವುದು ಸರಕಾರದ ಅಂದಾಜಿನ ಸುಮಾರು ಐದರಲ್ಲಿ ಎರಡು ಪಾಲು ಎಂದು ಅವರ ಲೆಕ್ಕ ಹೇಳಿತು.

ಮೆಕಾಯ್ ಮತ್ತು ರೆಡ್ಡಿ ಇಬ್ಬರೂ ಲೆಕ್ಕವನ್ನು ನಂಬಿದವರು. ಒಬ್ಬರು ನೆಲದಿಂದ ಹೊರಟರು, ಇನ್ನೊಬ್ಬರು ಒಲೆಯಿಂದ ಹೊರಟರು. ಇಬ್ಬರ ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಚಿತ್ರ ಪೂರ್ತಿಯಾಗುತ್ತದೆ. ರೆಡ್ಡಿ ಅವರನ್ನು ಬಿಟ್ಟು ಮೆಕಾಯ್ ಅವರನ್ನಷ್ಟೇ ಓದುವ ಭಾರತೀಯನು ತನ್ನ ದೇಶವನ್ನು ಇಂಗ್ಲೆಂಡಿನ ಕನ್ನಡಕದಲ್ಲಿ ನೋಡುವ ಅಪಾಯವಿದೆ. 2023–24ರ ಸರಕಾರಿ ಅಂಕಿಗಳ ಪ್ರಕಾರ, ಕಾರ್ಖಾನೆ ಪಂಪ್‌ಸೆಟ್ಟುಗಳೆಲ್ಲ ಸೇರಿಯೂ, ಭಾರತೀಯನೊಬ್ಬನ ಸರಾಸರಿ ವಿದ್ಯುತ್ ಬಳಕೆ ವರ್ಷಕ್ಕೆ 1,400 ಯೂನಿಟ್ಟಿನ ಆಸುಪಾಸು. ದಿನಕ್ಕೆ ನಾಲ್ಕಕ್ಕೂ ಕಡಮೆ. ಮೆಕಾಯ್ ಬರೆಯುವಾಗ ಬ್ರಿಟನ್ನಿನಲ್ಲಿ ಅದು ದಿನಕ್ಕೆ 18ರಷ್ಟಿತ್ತು. ಅಲ್ಲಿನ ಪ್ರಶ್ನೆ ಎಷ್ಟು ಇಳಿಸಬೇಕು ಎಂಬುದು. ಇಲ್ಲಿ ಯಾರಿಗೆ ಏರಿಸಬೇಕು, ಯಾರಿಗೆ ಇಳಿಸಬೇಕು ಎಂಬ ಎರಡೂ ಪ್ರಶ್ನೆಗಳಿವೆ. ಪ್ರತಿ ಕೋಣೆಗೊಂದು ಏರ್ ಕಂಡೀಷನರ್ ಇಟ್ಟುಕೊಂಡ ಮಹಾನಗರದ ಮನೆಗಳೂ, ಊರಿನಲ್ಲಿ ಸರದಿಯ ತ್ರೀ ಫೇಸ್ ಕರೆಂಟಿಗಾಗಿ ರಾತ್ರಿ ಎದ್ದು ಪಂಪ್‌ಸೆಟ್ಟಿಗೆ ಹೋಗುವ ನಮ್ಮ ಅಣ್ಣತಮ್ಮಂದಿರೂ ಅದೇ ನಾಲ್ಕು ಯೂನಿಟ್ಟಿನ ಸರಾಸರಿಯೊಳಗೆ ಇದ್ದಾರೆ.

ಹಾಗಾದರೆ ಮೆಕಾಯ್ ಅವರ ಪುಸ್ತಕಕ್ಕೆ ಕೊನೆಗೆ ಯಾವ ಸ್ಥಾನ ಕೊಡಬೇಕು? ಅದು ಇಂಧನ ನೀತಿಯ ಕೊನೆಯ ಮಾತಲ್ಲ, ಮೊದಲ ಮಾತು. ನ್ಯಾಯ, ಬೆಲೆ, ರಾಜಕೀಯ ಇವೆಲ್ಲ ಆಮೇಲೆ ಬರಬೇಕಾದ ಮಾತುಗಳು. ಕೆಲವೊಮ್ಮೆ ಹೆಚ್ಚು ಮುಖ್ಯವಾದ ಮಾತುಗಳು. ಆದರೆ ಮೊದಲ ಮಾತೇ ತಪ್ಪಾಗಿದ್ದರೆ ಮುಂದಿನದು ಯಾವುದೂ ನಿಲ್ಲುವುದಿಲ್ಲ. ಸಲಹೆಗಾರನಾಗಿ ಅವರು ಸರಕಾರವನ್ನು ತಾವು ಬಯಸಿದ ಕಡೆಗೆ ತಿರುಗಿಸಲಿಲ್ಲ. ಸರಕಾರ ಹಾಕುವ ಲೆಕ್ಕವನ್ನು ಪ್ರಜೆಯೂ ಹಾಕಿ ನೋಡಲು ಬರುವಂತೆ ಮಾಡಿದರು. ಮಂತ್ರಿಯ ಮನಸ್ಸನ್ನು ಒಲಿಸಿಕೊಂಡ ಸಲಹೆ ಮಂತ್ರಿ ಬದಲಾದಾಗ ಹೋಗಿಬಿಡುತ್ತದೆ. ಅವರಿದ್ದ ಇಲಾಖೆಯನ್ನೇ 2016ರ ಜುಲೈನಲ್ಲಿ ರದ್ದು ಮಾಡಿ ಬೇರೊಂದರಲ್ಲಿ ಸೇರಿಸಿದರು. ಪುಸ್ತಕವೂ ಲೆಕ್ಕದ ವಿಧಾನವೂ ಉಳಿದಿವೆ.

ಪುಸ್ತಕದ ಇಂಗ್ಲಿಷು ಸರಳವಾಗಿದೆ, ಹಾಸ್ಯವೂ ಇದೆ. ಕಠಿಣವಾದ ಗಣಿತವನ್ನು ಕೊನೆಯ ಅಧ್ಯಾಯಗಳಲ್ಲಿ ಬೇರೆಯಾಗಿ ಇಟ್ಟಿರುವುದರಿಂದ ವಿಜ್ಞಾನ ಓದದವರೂ ಮುಂದೆ ಸಾಗಬಹುದು. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಇದನ್ನು ಓದಿಸಬೇಕು. ಓದುವಾಗ ಇಂಗ್ಲೆಂಡಿನ ಅಂಕಿಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಆ ಅಂಕಿಗಳನ್ನು ತೆಗೆದು ನಮ್ಮ ಮೀಟರು, ನಮ್ಮ ಸಿಲಿಂಡರು, ನಮ್ಮ ಸ್ಕೂಟರಿನ ಪೆಟ್ರೋಲು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ರೈಲು ಇವುಗಳ ಅಂಕಿಗಳನ್ನು ಹಾಕಿ ಕೂಡಿಸಿದರೆ ಪುಸ್ತಕ ನಮ್ಮದಾಗುತ್ತದೆ. ಕನ್ನಡದಲ್ಲಿ ಕರ್ನಾಟಕದ ಅಂಕಿಗಳೊಡನೆ, ಗುಂಟೆ ಎಕರೆಗಳ ಲೆಕ್ಕದಲ್ಲಿ, ಕೂಲಿಯವರನ್ನೂ ರೈತರನ್ನೂ ಮರೆಯದೆ ಇಂಥ ಒಂದು ಪುಸ್ತಕವನ್ನು ನಮ್ಮ ತರುಣ ಭೌತವಿಜ್ಞಾನಿಗಳಲ್ಲಿ ಯಾರಾದರೂ ಬರೆಯಬೇಕು.